ದಿಢೀರ್ ನೋವಿಗೆ ಮೊದಲೇ ತಯಾರಿ: ವ್ಯಾಸ್ಕುಲರ್ ಏಲರ್ಸ್–ಡ್ಯಾನ್ಲಾಸ್ ಇರುವ ಮನೆಗೊಂದು ಕೈಪಿಡಿ

ರಾತ್ರಿ ಹತ್ತಕ್ಕೆ ಹೊಟ್ಟೆನೋವು ಅಂತ ಹೋದ ಇಪ್ಪತ್ತೈದರ ಹುಡುಗನಿಗೆ ನಮ್ಮೂರಿನ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಮೊದಲು ಸಿಗುವುದು ಗ್ಯಾಸ್ಟ್ರಿಕ್ ಇಂಜೆಕ್ಷನ್, ಜೊತೆಗೆ ಸೊಂಟಕ್ಕೊಂದು ಡೈಕ್ಲೋಫೆನಾಕ್. ಹೆಚ್ಚಿನವರಿಗೆ ಅಷ್ಟು ಸಾಕು. ವ್ಯಾಸ್ಕುಲರ್ ಏಲರ್ಸ್–ಡ್ಯಾನ್ಲಾಸ್ ಸಿಂಡ್ರೋಮ್, ಅಂದರೆ ಧಮನಿ, ಕರುಳುಗಳ ಗೋಡೆ ಹುಟ್ಟಿನಿಂದಲೇ ದುರ್ಬಲವಾಗಿರುವ ಕಾಯಿಲೆ, ಇರುವವರಿಗೆ ಮಾತ್ರ ಅದು ತಪ್ಪು ಔಷಧ, ತಪ್ಪು ಸೂಜಿ, ಮತ್ತೆ ಸಿಗದ ಒಂದು ಗಂಟೆ. ಆ ನೋವು ಕಿಡ್ನಿಗೆ ಹೋಗುವ ಧಮನಿ ಸೀಳಿದ್ದರಿಂದ ಬಂದಿರಬಹುದು, ಗುಲ್ಮದ ಧಮನಿ ಒಡೆದು ಬಂದಿರಬಹುದು, ದೊಡ್ಡ ಕರುಳು ತೂತಾಗಿ ಬಂದಿರಬಹುದು. ಸ್ಕ್ಯಾನ್ ಮಾಡದೆ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ಯಾನ್ ಮಾಡಿಸಬೇಕೆಂದು ಡ್ಯೂಟಿ ಡಾಕ್ಟರಿಗೆ ಹೊಳೆಯಬೇಕಾದರೆ ರೋಗಿಯ ಕೈಯಲ್ಲೊಂದು ಕಾಗದ ಇರಬೇಕು. ಆ ಕಾಗದ ಹೇಗಿರಬೇಕು, ಅದನ್ನು ಹಿಡಿದು ಎಲ್ಲಿಗೆ ಓಡಬೇಕು, ಅದು ಬೇಕಾಗುವ ದಿನವನ್ನು ಎಷ್ಟು ದೂರ ತಳ್ಳಬಹುದು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೂರೆಳೆಯ ಹಗ್ಗ

ರಕ್ತನಾಳ, ದೊಡ್ಡ ಕರುಳು, ಗರ್ಭಕೋಶ ಮೂರೂ ಹಿಗ್ಗಿ ಕುಗ್ಗುವ ಟೊಳ್ಳು ಅಂಗಗಳು. ಇವುಗಳ ಗೋಡೆಗೆ ಬಿಗಿ ಕೊಡುವುದು ಮೂರನೇ ಬಗೆಯ ಕೊಲಾಜನ್ ಎಂಬ ಪ್ರೊಟೀನ್. ಇದು ಮೂರು ಎಳೆ ಹೊಸೆದ ಹಗ್ಗ. ಮೂರೂ ಎಳೆಗಳು ಬರುವುದು ಒಂದೇ ಜೀನಿನಿಂದ: ಎರಡನೇ ವರ್ಣತಂತುವಿನಲ್ಲಿರುವ ಸಿಓಎಲ್3ಎ1. ಎಳೆಯನ್ನು ಮಣಿಸರ ಎಂದುಕೊಂಡರೆ ಪ್ರತಿ ಮೂರನೇ ಮಣಿ ಗ್ಲೈಸೀನ್ ಆಗಿರಲೇಬೇಕು. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಅದು. ಹಗ್ಗದ ಒಳನಡುವಿನಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗ ಇಲ್ಲ. ಆ ಜಾಗದಲ್ಲಿ ಬೇರೆ ಮಣಿ ಕೂತರೆ ಹೊಸೆತ ಅಲ್ಲೇ ಸಡಿಲವಾಗುತ್ತದೆ.

ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಅರ್ಧದಷ್ಟು ಹಗ್ಗವಾದರೂ ಚೆನ್ನಾಗಿರಬೇಕಲ್ಲ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಒಂದು ಹಗ್ಗಕ್ಕೆ ಮೂರು ಎಳೆ ಬೇಕು, ಪ್ರತಿ ಎಳೆಯೂ ಒಳ್ಳೆಯದಾಗುವ ಸಾಧ್ಯತೆ ಅರ್ಧ. ಮೂರೂ ಒಳ್ಳೆಯವಾಗಿ ಸೇರುವುದು ಎಂಟರಲ್ಲಿ ಒಂದು ಸಲ ಮಾತ್ರ. ಉಳಿದ ಏಳು ಹಗ್ಗಗಳಲ್ಲಿ ಒಂದಾದರೂ ಕೆಟ್ಟ ಎಳೆ ಇರುತ್ತದೆ. ಇನ್ನು ಕೆಲವು ಕುಟುಂಬಗಳಲ್ಲಿ ಕೆಟ್ಟ ಪ್ರತಿ ಎಳೆಯನ್ನೇ ತಯಾರಿಸುವುದಿಲ್ಲ. ಅವರಲ್ಲಿ ಹಗ್ಗ ಅರ್ಧ, ಆದರೆ ಇರುವಷ್ಟೂ ಗಟ್ಟಿ. ತೊಂದರೆಗಳು ಒಂದೂವರೆ ದಶಕದಷ್ಟು ತಡವಾಗಿ ಶುರುವಾಗುತ್ತವೆ. ಆದ್ದರಿಂದ ವರದಿ ಕೈಗೆ ಬಂದಾಗ "ಪಾಸಿಟಿವ್" ಎಂಬ ಪದಕ್ಕೇ ನಿಲ್ಲಬೇಡಿ. ಯಾವ ಬಗೆಯ ಬದಲಾವಣೆ, ಗ್ಲೈಸೀನ್ ಹೋಗಿದೆಯೋ ಅಥವಾ ಎಳೆಯೇ ತಯಾರಾಗುತ್ತಿಲ್ಲವೋ ಎಂದು ಕೇಳಿ ತಿಳಿದುಕೊಳ್ಳಿ.

50 ಸಾವಿರದಿಂದ 2 ಲಕ್ಷ ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರಬಹುದೆಂದು ಅಂದಾಜು. 1901ರಲ್ಲಿ ಡೆನ್ಮಾರ್ಕಿನ ಏಲರ್ಸ್, 1908ರಲ್ಲಿ ಫ್ರಾನ್ಸಿನ ಡ್ಯಾನ್ಲಾಸ್ ಬರೆದ ಚರ್ಮ–ಕೀಲುಗಳ ಕಾಯಿಲೆಯ ಹೆಸರು ಇದಕ್ಕೂ ಬಂತು. 2017ರ ವರ್ಗೀಕರಣದಲ್ಲಿ ಏಲರ್ಸ್–ಡ್ಯಾನ್ಲಾಸ್ ಎಂದರೆ 13 ಬೇರೆಬೇರೆ ಕಾಯಿಲೆಗಳು. ಇದನ್ನು ಒತ್ತಿ ಹೇಳಬೇಕಾಗಿದೆ. ಕೈಬೆರಳು, ಮೊಣಕೈ, ಮಂಡಿ ಹಿಂದಕ್ಕೆ ಬಾಗುವ, ಮೈಕೈ ನೋವಿನ ಬಗೆಯೇ ಹೆಚ್ಚು ಕಾಣುವುದು. ಅದರಲ್ಲಿ ಧಮನಿ ಹೀಗೆ ಹರಿಯುವುದಿಲ್ಲ. ಮೊಬೈಲಿನಲ್ಲಿ ಓದಿ, ಮೈ ಬಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹೆದರಿ ನಿದ್ದೆ ಕೆಡಿಸಿಕೊಂಡವರು ಇದ್ದಾರೆ. ವ್ಯಾಸ್ಕುಲರ್ ಬಗೆಯಲ್ಲಿ ದೊಡ್ಡ ಕೀಲುಗಳು ಅಷ್ಟಾಗಿ ಬಾಗುವುದೇ ಇಲ್ಲ, ಬಾಗಿದರೆ ಬೆರಳುಗಳ ಸಣ್ಣ ಕೀಲುಗಳು.

ಅಮೆರಿಕದ ದೊಡ್ಡ ರೋಗಿಸಮೂಹದ ಲೆಕ್ಕ 2000ದಲ್ಲಿ ಬಂತು: 20 ವರ್ಷದೊಳಗೆ ನಾಲ್ವರಲ್ಲಿ ಒಬ್ಬರಿಗೆ, 40ರೊಳಗೆ ಶೇ. 80ಕ್ಕೂ ಹೆಚ್ಚು ಜನರಿಗೆ ಒಂದಾದರೂ ದೊಡ್ಡ ತೊಂದರೆ. ನಡುಗಣ ಆಯಸ್ಸು ಸುಮಾರು 50. ಈ ಅಂಕಿ ಓದಿ ಕುಸಿಯಬೇಡಿ. ಆಗ ಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನವರು ಧಮನಿಯೋ ಕರುಳೋ ಒಡೆದ ಮೇಲೆ ಸಿಕ್ಕಿದವರು, ಅವರ ಮನೆಯವರು. ಸದ್ದಿಲ್ಲದೆ ಬದುಕಿದವರು ಆ ಲೆಕ್ಕಕ್ಕೆ ಸೇರಿದ್ದು ಕಡಿಮೆ.

ಅನುಮಾನ ಯಾವಾಗ ಬರಬೇಕು

ಚಿಕ್ಕ ವಯಸ್ಸಿನಲ್ಲೇ ಧಮನಿ ಸೀಳಿದ್ದು, ಕಾರಣವಿಲ್ಲದೆ ದೊಡ್ಡ ಕರುಳಿನ ಕೊನೆಯ ಬಾಗು ತೂತಾದದ್ದು, ಸಿಸೇರಿಯನ್ ಆಗಿರದ ಗರ್ಭಕೋಶ ಕೊನೆಯ ಮೂರು ತಿಂಗಳಲ್ಲಿ ಒಡೆದದ್ದು: ಇವುಗಳಲ್ಲಿ ಒಂದು ಇದ್ದರೂ ಪರೀಕ್ಷೆ ಮಾಡಿಸಬೇಕು. ಪೆಟ್ಟಿಲ್ಲದೆ ಒಂದು ಕಣ್ಣು ಕೆಂಪಾಗಿ ಮುಂದಕ್ಕೆ ಉಬ್ಬಿ, ತಲೆಯೊಳಗೆ ನಾಡಿಯ ತಾಳಕ್ಕೆ "ಸುಂಯ್ ಸುಂಯ್" ಸದ್ದು ಕೇಳಿಸತೊಡಗಿದರೂ ಹಾಗೆಯೇ. ಅದು ಕಣ್ಣಿನ ಹಿಂದೆ ಧಮನಿ ಹರಿದು ಸಿರೆಯೊಳಕ್ಕೆ ಸೇರಿಕೊಂಡದ್ದರ ಗುರುತು.

ಸಣ್ಣ ಸುಳಿವುಗಳು ಮೊದಲೇ ಇರುತ್ತವೆ, ಒಂದೊಂದಾಗಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಮಂಚಕ್ಕೆ ತಾಗಿದರೂ ನೀಲಿಗಟ್ಟುವ ಮೈ. ಹುಟ್ಟುವಾಗಲೇ ಸೊಟ್ಟಪಾದ. ತಾನಾಗಿ ಶ್ವಾಸಕೋಶದಿಂದ ಗಾಳಿ ಸೋರಿದ್ದು. ಮೂವತ್ತರೊಳಗೆ ಕಾಲಲ್ಲಿ ಉಬ್ಬಿದ ಸಿರೆಗಳು, ಹಲ್ಲಿನಿಂದ ಸರಿದ ಒಸಡು, ತೆಳ್ಳಗಿನ ತುಟಿ, ಚೂಪು ಮೂಗು, ವಯಸ್ಸಿಗೆ ಮೀರಿ ಸುಕ್ಕಾದ ಅಂಗೈ ಹಿಂಬದಿ. "ಚರ್ಮದಡಿ ಸಿರೆಗಳು ಎದ್ದು ಕಾಣುತ್ತವೆ" ಎಂದು ಪುಸ್ತಕಗಳು ಬರೆಯುವುದು ಬಿಳಿ ಚರ್ಮ ನೋಡಿ. ನಮ್ಮ ಮೈಬಣ್ಣದಲ್ಲಿ ಅದು ಸುಲಭವಾಗಿ ಕಾಣುವುದಿಲ್ಲ; ಹಗಲು ಬೆಳಕಿನಲ್ಲಿ ಎದೆಯ ಮೇಲ್ಭಾಗ, ತೋಳಿನ ಒಳಬದಿ ನೋಡಬೇಕು. ಮಗುವಿನ ಮೈಮೇಲೆ ಪದೇಪದೇ ನೀಲಿಕಲೆ ಕಂಡು ರಕ್ತಸ್ರಾವದ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಪ್ಲೇಟ್‌ಲೆಟ್ ಸೇರಿ ಎಲ್ಲವೂ ಸರಿ ಎಂದು ಬಂದರೆ ಅಲ್ಲಿಗೆ ನಿಲ್ಲಿಸಬೇಡಿ. ರಕ್ತ ಸರಿ ಇದೆ, ನಾಳದ ಗೋಡೆ ಸರಿ ಇದೆಯೇ ಎಂಬ ಪ್ರಶ್ನೆ ಉಳಿದೇ ಇದೆ.

ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಒಬ್ಬೊಬ್ಬರು ಎಷ್ಟನೇ ವಯಸ್ಸಿಗೆ, ಹೇಗೆ ತೀರಿಕೊಂಡರು ಎಂಬುದು ಅದರಲ್ಲಿರಲಿ. "ಹಾರ್ಟ್ ಅಟ್ಯಾಕ್" ಎಂಬ ಮಾತನ್ನು ಹಾಗೇ ನಂಬಬೇಡಿ; ಮೂವತ್ತೆರಡಕ್ಕೆ ಎದೆ ಹಿಡಿದುಕೊಂಡು ಕೂತಲ್ಲೇ ಹೋದವರಿಗೆ ಪೋಸ್ಟ್‌ಮಾರ್ಟಂ ಆಗಿರದಿದ್ದರೆ ಊರು ಕೊಡುವ ಹೆಸರೇ ಅದು. ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದ ಅಜ್ಜಿಯನ್ನೂ ಬರೆದುಕೊಳ್ಳಿ. ಹಾಗೆಂದು ವಂಶದಲ್ಲಿ ಯಾರಿಗೂ ಇಲ್ಲ ಎಂಬುದು ಸಮಾಧಾನವಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಬದಲಾವಣೆ ಹೊಸದಾಗಿ ಅವರಲ್ಲೇ ಶುರುವಾಗಿರುತ್ತದೆ.

ಪರೀಕ್ಷೆಗೆ ಬೇಕಾದದ್ದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವೇ ಮಿಲಿಲೀಟರ್ ರಕ್ತ. ಸಿಓಎಲ್3ಎ1 ಒಂದನ್ನೇ ಕೇಳುವುದಕ್ಕಿಂತ ಧಮನಿ ಕಾಯಿಲೆಗಳ ಹಲವು ಜೀನುಗಳನ್ನು ಒಟ್ಟಿಗೆ ನೋಡುವ ಪ್ಯಾನೆಲ್ ಕೇಳುವುದು ಒಳ್ಳೆಯದು. ಮಾರ್ಫಾನ್ ಮತ್ತು ಲೋಯಿಸ್–ಡೀಟ್ಜ್ ಕೂಡ ಧಮನಿಯನ್ನೇ ಕೆಡಿಸುತ್ತವೆ, ಆದರೆ ಅವುಗಳ ದಾರಿ ಬೇರೆ. ಅಲ್ಲಿ ಹೃದಯದಿಂದ ಹೊರಡುವ ಮಹಾಧಮನಿ ಅಯೋರ್ಟಾ ನಿಧಾನವಾಗಿ ಹಿಗ್ಗುತ್ತದೆ, ಅಳೆದು ಕಾದು ಮುಂಚಿತವಾಗಿ ಆಪರೇಷನ್ ಮಾಡಬಹುದು. ಇಲ್ಲಿ ಹಿಗ್ಗದೇ ಇದ್ದ ಮಧ್ಯಮ ಗಾತ್ರದ ಧಮನಿ ಒಮ್ಮೆಲೇ ಹರಿಯಬಹುದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗ, ವೆಲ್ಲೂರಿನ ಸಿಎಂಸಿ, ಇಲ್ಲೆಲ್ಲ ಜೆನೆಟಿಕ್ಸ್ ತಜ್ಞರಿದ್ದಾರೆ. ರಕ್ತ ಕೊಡುವ ಮೊದಲು ಅವರೊಂದಿಗೆ ಒಮ್ಮೆ ಕೂತು ಮಾತಾಡಿ. ವರದಿಯಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಎಂದು ಬಂದರೆ ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಹಾಗೆ ಬಂದ ವರದಿಯನ್ನು ಹಿಡಿದು ಮನೆಯವರನ್ನೆಲ್ಲ ಪರೀಕ್ಷೆಗೆ ಎಳೆದೊಯ್ಯುವುದು ಬೇಡ. ಮುಂದೇನು ಎಂದು ತಜ್ಞರೇ ಹೇಳಬೇಕು.

ಆ ಕಾಗದ

ಒಂದೇ ಪುಟ. ನಿಮ್ಮನ್ನು ನೋಡುವ ತಜ್ಞರ ಲೆಟರ್‌ಹೆಡ್ ಮೇಲೆ, ಅವರ ಸಹಿ, ಮೊಹರು, ಫೋನ್ ನಂಬರಿನೊಂದಿಗೆ. ಮುಂಬದಿ ಇಂಗ್ಲಿಷಿನಲ್ಲಿರಲಿ, ಅದನ್ನು ಓದಬೇಕಾದವರು ಕ್ಯಾಶುವಾಲ್ಟಿಯ ಕಿರಿಯ ವೈದ್ಯರು. ಹಿಂಬದಿ ಕನ್ನಡದಲ್ಲಿರಲಿ, ನಿಮಗೆ ಮಾತಾಡಲಾಗದಾಗ ಅದನ್ನು ಹಿಡಿದು ಓಡುವವರು ಮನೆಯವರೋ ಪಕ್ಕದಮನೆಯವರೋ ಆಂಬುಲೆನ್ಸಿನವರೋ ಆಗಿರುತ್ತಾರೆ. ಒಳಗಿರಬೇಕಾದ ಮಾತು ಇಷ್ಟು:

"ಇವರಿಗೆ ವ್ಯಾಸ್ಕುಲರ್ ಏಲರ್ಸ್–ಡ್ಯಾನ್ಲಾಸ್ ಸಿಂಡ್ರೋಮ್ ಇರುವುದು ಜೀನ್ ಪರೀಕ್ಷೆಯಲ್ಲಿ ದೃಢಪಟ್ಟಿದೆ. ಪೆಟ್ಟಿಲ್ಲದೆಯೂ ಇವರ ಧಮನಿ, ದೊಡ್ಡ ಕರುಳು, ಶ್ವಾಸಕೋಶ ಹರಿಯಬಹುದು. ತಲೆ, ಕುತ್ತಿಗೆ, ಎದೆ, ಬೆನ್ನು, ಹೊಟ್ಟೆ, ಕೈಕಾಲು, ಎಲ್ಲೇ ದಿಢೀರ್ ನೋವು ಬಂದರೂ ಬೇರೆ ಕಾರಣ ಸಾಬೀತಾಗುವವರೆಗೆ ಒಳಗೆ ಹರಿದಿದೆ ಎಂದೇ ತಿಳಿಯಿರಿ. ತಡಮಾಡದೆ ಸಿ.ಟಿ. ಆಂಜಿಯೋಗ್ರಾಮ್ ಮಾಡಿ. ಸ್ಕ್ಯಾನಿಗೆ ಮೊದಲು ಆಸ್ಪಿರಿನ್, ಹೆಪಾರಿನ್, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಡಿ. ತೊಡೆಸಂದಿಯಿಂದ ತಂತಿ ಹಾಕುವ ಆಂಜಿಯೋಗ್ರಾಮ್, ಧಮನಿಗೆ ಸೂಜಿ, ಕೊಲೊನೋಸ್ಕೋಪಿ, ಎನಿಮಾ ಅನಿವಾರ್ಯವಾಗದ ಹೊರತು ಬೇಡ. ಫ್ಲೋರೋಕ್ವಿನೊಲೋನ್ ಆಂಟಿಬಯೋಟಿಕ್ ಬೇಡ. ರಕ್ತ ಸಿದ್ಧವಿಡಿ, ವ್ಯಾಸ್ಕುಲರ್ ಸರ್ಜನ್ ಅವರನ್ನು ಕರೆಯಿರಿ."

ಇದರ ಕೆಳಗೆ ರಕ್ತದ ಗುಂಪು, ಈಗ ನುಂಗುತ್ತಿರುವ ಮಾತ್ರೆಗಳು, ಹಿಂದಿನ ಸ್ಕ್ಯಾನಿನಲ್ಲಿ ಕಂಡದ್ದು, ಎರಡು ಫೋನ್ ನಂಬರು. ಹಳೆಯ ಸ್ಕ್ಯಾನಿನ ವಿಷಯ ಬಹಳ ಮುಖ್ಯ. ಮೊದಲೇ ಇದ್ದ ಉಬ್ಬನ್ನು ಈಗ ಹೊಸದಾಗಿ ಆದದ್ದೆಂದು ತಿಳಿದು ಆಪರೇಷನ್ನಿಗೆ ಕೈಹಾಕುವ, ಅಥವಾ ಹೊಸದನ್ನು ಹಳೆಯದೆಂದು ಬಿಟ್ಟುಬಿಡುವ ಸಾಧ್ಯತೆ ಎರಡೂ ಇದೆ. ಸ್ಕ್ಯಾನಿನ ಚಿತ್ರಗಳನ್ನೇ, ಬರೀ ವರದಿಯನ್ನಲ್ಲ, ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಪ್ರತಿಗಳು: ಪರ್ಸಿನಲ್ಲಿ ಲ್ಯಾಮಿನೇಟ್ ಮಾಡಿಸಿದ್ದು ಒಂದು, ಮನೆಬಾಗಿಲ ಹಿಂದೆ ಒಂದು, ಕೆಲಸದ ಜಾಗದಲ್ಲಿ ಅಥವಾ ಶಾಲೆಯಲ್ಲಿ ಒಂದು, ಮನೆಯವರ ಫೋನುಗಳಲ್ಲಿ ಫೋಟೋ. ಫೋನ್ ಲಾಕ್ ಆಗಿದ್ದರೂ ತೆರೆಯುವ ತುರ್ತು ಮಾಹಿತಿ ಪುಟದಲ್ಲಿ ಕಾಯಿಲೆಯ ಹೆಸರು ತುಂಬಿಸಿ. ಹೆಸರು ಕೆತ್ತಿಸಿದ ಸ್ಟೀಲ್ ಬಳೆ ಅಥವಾ ಪದಕ ಹಾಕಿಕೊಳ್ಳಿ, ಪ್ರಜ್ಞೆ ತಪ್ಪಿದವರ ಪರ್ಸನ್ನು ಯಾರೂ ತಡಕಾಡುವುದಿಲ್ಲ.

ಆಸ್ಪತ್ರೆಯನ್ನೂ ಇವತ್ತೇ ಆರಿಸಿಟ್ಟುಕೊಳ್ಳಬೇಕು. ಕೇಳಬೇಕಾದ ಪ್ರಶ್ನೆ ಮೂರು. ಧಮನಿಗಳನ್ನು ತೋರಿಸುವ ಸಿ.ಟಿ. ಆಂಜಿಯೋ ಸ್ಕ್ಯಾನ್ ರಾತ್ರಿ ಎರಡಕ್ಕೂ ಆಗುತ್ತದೆಯೇ? ವ್ಯಾಸ್ಕುಲರ್ ಸರ್ಜನ್ ಕರೆದರೆ ಬರುತ್ತಾರೆಯೇ? ಬ್ಲಡ್ ಬ್ಯಾಂಕ್ ಅಲ್ಲೇ ಇದೆಯೇ? ಹತ್ತಿರದ್ದು ಒಂದು, ದೊಡ್ಡದು ಒಂದು ಗುರುತು ಮಾಡಿಕೊಳ್ಳಿ. ಹೃದಯ–ರಕ್ತನಾಳಗಳಿಗೆಂದೇ ಇರುವ ಸರ್ಕಾರಿ ಸಂಸ್ಥೆ ಜಯದೇವ ಬೆಂಗಳೂರಲ್ಲಿದೆ, ಮೈಸೂರು ಮತ್ತು ಕಲಬುರಗಿಯಲ್ಲೂ ಇದೆ. ಆರಿಸಿದ ಕಡೆ ಒಮ್ಮೆ ಹೊರರೋಗಿಯಾಗಿ ಹೋಗಿ ಫೈಲ್ ಮಾಡಿಸಿಬನ್ನಿ. ತುರ್ತಿನ ಹೊತ್ತಿನಲ್ಲಿ ಹಳೆಯ ನಂಬರಿದ್ದವರ ಕಡತ ಬೇಗ ತೆರೆಯುತ್ತದೆ.

ನೋವು ಬಂದಾಗ

ಈ ಕಾಯಿಲೆಯವರಿಗೂ ನೆಗಡಿ, ಅಜೀರ್ಣ, ಸೊಂಟನೋವು ಬರುತ್ತವೆ. ಎಲ್ಲದಕ್ಕೂ ಓಡಲಾಗುವುದಿಲ್ಲ ಎಂಬುದು ನಿಜ. ವ್ಯತ್ಯಾಸ ಇರುವುದು ಶುರುವಾಗುವ ರೀತಿಯಲ್ಲಿ. ಹರಿದ ನೋವು ನಿಮಿಷಗಳಲ್ಲಿ ತುತ್ತತುದಿಗೆ ಹೋಗುತ್ತದೆ, "ಇಂಥ ನೋವು ಹಿಂದೆ ಬಂದಿಲ್ಲ" ಎಂದು ರೋಗಿಯೇ ಹೇಳುತ್ತಾರೆ. ಕುತ್ತಿಗೆಯ ಒಂದೇ ಬದಿ ನೋವು, ಅದೇ ಬದಿಯ ಕಣ್ಣುರೆಪ್ಪೆ ಜೋತುಬಿದ್ದು ಪಾಪೆ ಚಿಕ್ಕದಾಗಿದ್ದರೆ ಕತ್ತಿನ ಧಮನಿ ಸೀಳಿದೆ ಎಂದೇ ಅನುಮಾನಿಸಿ. ಪಕ್ಕೆಯಲ್ಲಿ ನೋವು, ಮೂತ್ರದಲ್ಲಿ ರಕ್ತ ಬಂದರೆ ಎಲ್ಲರೂ ಕಲ್ಲು ಎನ್ನುತ್ತಾರೆ. ಕಿಡ್ನಿಯ ಧಮನಿ ಸೀಳಿದರೂ ಹಾಗೇ ಇರುತ್ತದೆ. ಮೀನಖಂಡ ಒಮ್ಮೆಲೇ ಊದಿ ಕಲ್ಲಿನಂತಾದರೆ, ಪಾದ ತಣ್ಣಗಾದರೆ ಅದು ಸ್ನಾಯು ಹಿಡಿದದ್ದಲ್ಲ. ಎದೆಯ ಒಂದು ಬದಿ ಚುಚ್ಚಿ ಉಸಿರು ಗಿಡ್ಡವಾದರೆ ಶ್ವಾಸಕೋಶ ಸೋರಿರಬಹುದು. ಅನುಮಾನವಿದ್ದರೆ ಹೋಗಿ. ಹೋಗಿ ಏನೂ ಇಲ್ಲವೆಂದು ತಿಳಿದು ವಾಪಸು ಬರುವುದರಲ್ಲಿ ನಷ್ಟವಿಲ್ಲ.

ಮಲಗಿಸಿ. ಬಾಯಿಗೆ ಏನನ್ನೂ ಕೊಡಬೇಡಿ, ನೀರು ಕೂಡ; ಆಪರೇಷನ್ ಬೇಕಾಗಬಹುದು. ಹೊಟ್ಟೆ ಒತ್ತಿ ನೋಡುವುದು, ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ. "ಬಟ್ಟಿ ಬಿದ್ದಿದೆ, ನಾಭಿ ಜಾರಿದೆ" ಎಂದು ಹೊಟ್ಟೆ ನೀವುವವರ ಹತ್ತಿರ ಯಾವ ಕಾರಣಕ್ಕೂ ಕರೆದೊಯ್ಯಬೇಡಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, "ರಕ್ತನಾಳ ಒಡೆಯುವ ಕಾಯಿಲೆ ಇದೆ, ಸಿ.ಟಿ. ಇರುವ ಆಸ್ಪತ್ರೆಗೇ ಹೋಗಬೇಕು" ಎಂದು ಹೇಳಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಪ್ರಜ್ಞೆ ತಪ್ಪಿದ್ದರೆ, ಮೈ ಬೆವತು ತಣ್ಣಗಾಗಿದ್ದರೆ ಮಾತ್ರ ಯಾವುದು ಹತ್ತಿರವೋ ಅಲ್ಲಿಗೆ.

ಕ್ಯಾಶುವಾಲ್ಟಿಯಲ್ಲಿ ಚೀಟಿ ಬರೆಸುವ ಮೊದಲೇ ಕಾಗದ ಕೊಡಿ. ಸಾಮಾನ್ಯವಾಗಿ ದಾರಿ ತಪ್ಪುವುದು ಮೂರು ಕಡೆ. ಮೊದಲನೆಯದು, ಇ.ಸಿ.ಜಿ. ಸರಿ ಇದೆ, ಬಿ.ಪಿ. ಸರಿ ಇದೆ, ವಯಸ್ಸು ಚಿಕ್ಕದು ಎಂದು ಮನೆಗೆ ಕಳಿಸುವುದು. ಎಳೆಯ ದೇಹ ಸಾಕಷ್ಟು ರಕ್ತ ಒಳಗೇ ಸೋರುವವರೆಗೂ ಬಿ.ಪಿ.ಯನ್ನು ಹಿಡಿದಿಡುತ್ತದೆ, ಬಿದ್ದರೆ ಒಮ್ಮೆಲೇ ಬೀಳುತ್ತದೆ. ಎರಡನೆಯದು, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿ "ಏನೂ ಕಾಣಿಸಲಿಲ್ಲ" ಎನ್ನುವುದು. ಸೀಳಿದ ಧಮನಿಯನ್ನು ಅಲ್ಟ್ರಾಸೌಂಡ್ ಸುಲಭವಾಗಿ ತೋರಿಸುವುದಿಲ್ಲ. ಮೂರನೆಯದು, ಎದೆನೋವಿಗೆ ಹೃದಯಾಘಾತದ ಕ್ರಮದಂತೆ ರಕ್ತ ತೆಳುವಾಗಿಸುವ ಔಷಧವನ್ನು ಮೊದಲೇ ಕೊಟ್ಟುಬಿಡುವುದು. ಜಗಳ ಬೇಡ, ಧ್ವನಿ ಏರಿಸುವುದೂ ಬೇಡ. "ಡಾಕ್ಟರೇ, ಸಿ.ಟಿ. ಆಂಜಿಯೋ ಬೇಡ ಎಂದು ನಿಮಗೆ ಅನ್ನಿಸಿದರೆ ಕಾರಣವನ್ನು ಕೇಸ್‌ಶೀಟಿನಲ್ಲಿ ಬರೆಯುತ್ತೀರಾ? ಈ ಕಾಗದದಲ್ಲಿರುವ ನಂಬರಿಗೆ ಒಮ್ಮೆ ಮಾತಾಡುತ್ತೀರಾ?" ಎಂದು ಕೇಳಿ. ಈ ಎರಡು ವಾಕ್ಯಗಳನ್ನು ಮನೆಯಲ್ಲಿ ಇಬ್ಬರಾದರೂ ಬಾಯಿಪಾಠ ಮಾಡಿರಲಿ.

ಸ್ಕ್ಯಾನಿನಲ್ಲಿ ಸೀಳು ಕಂಡರೂ ರಕ್ತ ಹೊರಗೆ ಸೋರುತ್ತಿಲ್ಲವಾದರೆ ಹೆಚ್ಚಿನ ಸಲ ಆಪರೇಷನ್ನಿಗಿಂತ ಕಾಯುವುದೇ ಒಳ್ಳೆಯದು: ಮಲಗಿಸಿ, ಬಿ.ಪಿ. ಇಳಿಸಿ, ನೋವು ತಗ್ಗಿಸಿ, ಮತ್ತೆ ಮತ್ತೆ ಸ್ಕ್ಯಾನ್. "ಏನೂ ಮಾಡುತ್ತಿಲ್ಲ" ಎಂದು ಮನೆಯವರು ಸಿಟ್ಟಾಗಬಾರದು. ಇವರ ಧಮನಿ ಕೈಗೆ ನೆನೆದ ಕಾಗದದ ಹಾಗೆ ಸಿಗುತ್ತದೆ. ಹೊಲಿಗೆ ಹಾಕಿದರೆ ದಾರವೇ ಅದನ್ನು ಕೊಯ್ದುಕೊಂಡು ಬರುತ್ತದೆ. ರಕ್ತ ಸೋರುತ್ತಿದ್ದರೆ, ಕರುಳು ತೂತಾಗಿದ್ದರೆ ಆಪರೇಷನ್ ತಪ್ಪಿದ್ದಲ್ಲ. ಆಗ ಸರ್ಜನ್ ಅವರೇ ಮೆತ್ತನೆಯ ಬಟ್ಟೆತುಂಡು ಇಟ್ಟು ಹೊಲಿಯುತ್ತಾರೆ, ಇಕ್ಕಳದ ಹಲ್ಲಿಗೂ ಮೆತ್ತೆ ಸುತ್ತುತ್ತಾರೆ. ಹೊರಗಿನ ಚರ್ಮದ ಹೊಲಿಗೆಯನ್ನು ಮಾಮೂಲಿನಷ್ಟೇ ದಿನಕ್ಕೆ ಬಿಚ್ಚಿಸಿಕೊಳ್ಳಬೇಡಿ, ಇವರಿಗೆ ಸುಮಾರು ಎರಡರಷ್ಟು ದಿನ ಬಿಡುವುದು ವಾಡಿಕೆ. ಊರಿನ ನರ್ಸ್ ಏಳನೇ ದಿನಕ್ಕೆ ಬಿಚ್ಚಲು ಬಂದಾಗ ಇದು ನೆನಪಿರಲಿ.

ಔಷಧದಂಗಡಿಯಲ್ಲಿ

ಭೇದಿಯಾದರೆ ಚೀಟಿಯಿಲ್ಲದೆ ಕೇಳಿ ತರುವ ಮಾತ್ರೆ ಬಹಳ ಮನೆಗಳಲ್ಲಿ ಆಫ್ಲಾಕ್ಸಾಸಿನ್ ಅಥವಾ ನಾರ್‌ಫ್ಲಾಕ್ಸಾಸಿನ್ ಇರುವ ಜೋಡಿಮಾತ್ರೆ. ಉರಿಮೂತ್ರಕ್ಕೆ ಸಿಪ್ರೋಫ್ಲಾಕ್ಸಾಸಿನ್, ಕೆಮ್ಮಿಗೆ ಲಿವೋಫ್ಲಾಕ್ಸಾಸಿನ್. ಈ ಗುಂಪಿಗೆ ಫ್ಲೋರೋಕ್ವಿನೊಲೋನ್ ಎಂದು ಹೆಸರು. ಇವು ಅಯೋರ್ಟಾ ಸೀಳುವ ಅಪಾಯವನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರಿನಲ್ಲಿ ಎಚ್ಚರಿಸಿತು, ಏಲರ್ಸ್–ಡ್ಯಾನ್ಲಾಸ್ ಇರುವವರನ್ನು ಹೆಸರಿಸಿಯೇ ಹೇಳಿತು. ಬ್ರ್ಯಾಂಡ್ ಹೆಸರು ನೆನಪಿಡುವುದು ಸಾಧ್ಯವಿಲ್ಲ. ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಮೂಲ ಹೆಸರು ನೋಡಿ. "ಫ್ಲಾಕ್ಸಾಸಿನ್" ಎಂದು ಮುಗಿದರೆ ವಾಪಸು ಕೊಟ್ಟು ಬೇರೆ ಕೇಳಿ.

ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಬಿ.ಪಿ. ಏರಿಸುತ್ತವೆ, ಬೇಡ. ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ರಕ್ತ ನಿಲ್ಲುವುದನ್ನು ತಡಮಾಡುತ್ತವೆ. ಪ್ಯಾರಾಸಿಟಮಾಲ್ ಸಾಕು, ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 650 ಮಿ.ಗ್ರಾಂ., ದಿನಕ್ಕೆ ಎಲ್ಲ ಸೇರಿ 4 ಗ್ರಾಂ ದಾಟಬಾರದು. ಸೊಂಟಕ್ಕೆ ಕೊಡುವ ಇಂಜೆಕ್ಷನ್ ಒಳಗೆ ರಕ್ತದ ಗಂಟು ಕಟ್ಟಿಸುತ್ತದೆ, ಮಾತ್ರೆಯಲ್ಲಿ ಆಗುವುದಕ್ಕೆ ಸೂಜಿ ಬೇಡ. ಲಸಿಕೆಗಳನ್ನು ಮಾತ್ರ ತಪ್ಪಿಸಬೇಡಿ: ತೆಳು ಸೂಜಿ ಕೇಳಿ, ಚುಚ್ಚಿದ ಜಾಗವನ್ನು ತಿಕ್ಕದೆ ಐದು ನಿಮಿಷ ಒತ್ತಿ ಹಿಡಿಯಿರಿ.

ಕಾಯಿಲೆಯ ವೇಗ ತಗ್ಗಿಸುವ ಔಷಧವಾಗಿ ಪ್ರಯೋಗದಲ್ಲಿ ನಿಂತದ್ದು ಸೆಲಿಪ್ರೊಲೋಲ್ ಎಂಬ ಬೀಟಾ ಬ್ಲಾಕರ್, ಬಿ.ಪಿ. ಮಾತ್ರೆಗಳ ಒಂದು ಗುಂಪಿನದು. ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನ 53 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಔಷಧ ತೆಗೆದುಕೊಂಡ 25 ಜನರಲ್ಲಿ ಐವರಿಗೆ, ತೆಗೆದುಕೊಳ್ಳದ 28 ಜನರಲ್ಲಿ 14 ಮಂದಿಗೆ ಧಮನಿ ತೊಂದರೆಯಾಯಿತು. ಸಣ್ಣ ಪ್ರಯೋಗ ನಿಜ, ಅವರೆಲ್ಲರಲ್ಲೂ ಜೀನ್ ದೃಢಪಟ್ಟಿರಲಿಲ್ಲ ಎಂಬ ತಕರಾರೂ ಇದೆ. ಆದರೂ ಯುರೋಪಿನ ಹಲವು ಕೇಂದ್ರಗಳು ಇದನ್ನೇ ಮೊದಲು ಕೊಡುತ್ತವೆ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಗಲಿಲ್ಲ. ಪ್ರಯೋಗದಲ್ಲಿ ಸಣ್ಣ ಡೋಸಿನಿಂದ ಆರು ತಿಂಗಳಿಗೊಮ್ಮೆ ಏರಿಸುತ್ತ ದಿನಕ್ಕೆರಡು ಸಲ 200 ಮಿ.ಗ್ರಾಂ.ವರೆಗೆ, ಅಂದರೆ ದಿನಕ್ಕೆ ಒಟ್ಟು 400 ಮಿ.ಗ್ರಾಂ.ವರೆಗೆ ಒಯ್ದರು. ಸುಸ್ತಾಗುತ್ತದೆ ಎಂದು ನೀವೇ ನಿಲ್ಲಿಸಬೇಡಿ, ಬೀಟಾ ಬ್ಲಾಕರನ್ನು ಒಮ್ಮೆಲೇ ಬಿಟ್ಟರೆ ಬಿ.ಪಿ. ಹಾರುತ್ತದೆ. ಎಲ್ಲ ಅಂಗಡಿಯಲ್ಲೂ ಇಡುವ ಮಾತ್ರೆಯಲ್ಲ ಇದು, ಹದಿನೈದು ದಿನ ಉಳಿದಿರುವಾಗಲೇ ಮುಂದಿನದಕ್ಕೆ ಹೇಳಿಡಿ. ಸಿಗದಿದ್ದರೆ ಬದಲಿ ಯಾವುದೆಂದು ವೈದ್ಯರೇ ಹೇಳಬೇಕು.

ಮನೆಯಲ್ಲಿ ತೋಳಿನ ಬಿ.ಪಿ. ಯಂತ್ರ ಇರಲಿ. ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟಕ್ಕೆ ಇಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ಪಟ್ಟಿ ಬಿಗಿದ ಜಾಗ ನೀಲಿಗಟ್ಟಿದರೆ ತೋಳು ಬದಲಾಯಿಸಿ. ಎಷ್ಟರೊಳಗಿರಬೇಕು ಎಂಬ ಸಂಖ್ಯೆಯನ್ನು ವೈದ್ಯರಿಂದ ಬರೆಸಿಕೊಂಡು ಯಂತ್ರಕ್ಕೇ ಅಂಟಿಸಿ. ತಲೆಯಿಂದ ಸೊಂಟದವರೆಗಿನ ಧಮನಿಗಳ ಚಿತ್ರ ಒಮ್ಮೆ ಆಗಿರಬೇಕು. ಆಮೇಲೆ ಎಷ್ಟು ತಿಂಗಳಿಗೊಮ್ಮೆ, ಡಾಪ್ಲರ್ ಸಾಕೋ ಎಂ.ಆರ್. ಬೇಕೋ ಎಂಬುದು ಅದರಲ್ಲಿ ಕಂಡದ್ದನ್ನು ಅವಲಂಬಿಸಿದೆ. ಸ್ಕ್ಯಾನ್ ಸರಿಯಿದ್ದರೂ ದಿಢೀರ್ ನೋವಿನ ನಿಯಮ ಸಡಿಲವಾಗುವುದಿಲ್ಲ.

ದಿನದ ಬದುಕು

ತುಂಬಿದ ಮನೆಬಳಕೆಯ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ, ಇಪ್ಪತ್ತು ಲೀಟರಿನ ನೀರಿನ ಕ್ಯಾನು 20 ಕಿಲೋ. ಎರಡನ್ನೂ ಎತ್ತುವಾಗ ಉಸಿರು ಬಿಗಿಹಿಡಿಯುತ್ತೀರಿ, ಆ ಕ್ಷಣದಲ್ಲಿ ಬಿ.ಪಿ. ಚಿಮ್ಮುತ್ತದೆ. ನಿಯಮ ಸುಲಭ: ಮಾತಾಡುತ್ತಲೇ ಎತ್ತಲಾಗದ್ದನ್ನು ಎತ್ತಬೇಡಿ. ನಡಿಗೆ, ಸಮತಟ್ಟಿನಲ್ಲಿ ಸೈಕಲ್, ನಿಧಾನದ ಈಜು ಒಳ್ಳೆಯದು. ಕಬಡ್ಡಿ, ಕುಸ್ತಿ, ಜಿಮ್ಮಿನ ಭಾರ ಬೇಡ. ಯೋಗದಲ್ಲಿ ಶೀರ್ಷಾಸನ, ಸರ್ವಾಂಗಾಸನ, ಕಪಾಲಭಾತಿ, ಭಸ್ತ್ರಿಕಾ, ಕುಂಭಕ ಬಿಟ್ಟು ಉಳಿದ ಸರಳ ಆಸನ, ಸಹಜ ಉಸಿರಾಟ ಮಾಡಬಹುದು. ನಾದಸ್ವರ, ಟ್ರಂಪೆಟ್ಟಿನಂತಹ ಬಲವಾಗಿ ಊದುವ ವಾದ್ಯ ಶ್ವಾಸಕೋಶಕ್ಕೂ ಧಮನಿಗೂ ಒತ್ತಡ.

ಸಲೂನಿನಲ್ಲಿ ಕ್ಷೌರ ಮುಗಿಸಿ ತಲೆ ತಿಕ್ಕಿ, ಗದ್ದ ಹಿಡಿದು ಕತ್ತನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಲಟಕ್ಕನೆ ತಿರುಗಿಸುತ್ತಾರಲ್ಲ, ಅದು ಇವರಿಗೆ ನಿಜವಾದ ಅಪಾಯ. ಕತ್ತಿನ ಹಿಂಬದಿಯ ಧಮನಿ ಮೂಳೆಯ ತೂತುಗಳ ಮೂಲಕ ಹಾದು ಮಿದುಳಿಗೆ ಹೋಗುತ್ತದೆ, ಆ ತಿರುವಿನಲ್ಲಿ ಸೀಳಬಹುದು. ಕುರ್ಚಿಯಲ್ಲಿ ಕೂರುವ ಮೊದಲೇ "ಕತ್ತು ಮುಟ್ಟಬೇಡಿ" ಎಂದುಬಿಡಿ. ಬಲವಾದ ಅಭ್ಯಂಗ, ಕಪ್ಪಿಂಗ್, ಪಂಚಕರ್ಮದ ಬಸ್ತಿ ಮತ್ತು ವಿರೇಚನ ಕೂಡ ಬೇಡ. ಬಸ್ತಿ ಎಂದರೆ ಎನಿಮಾನೇ. ಒಡೆಯುವ ಜಾಗಕ್ಕೇ ಒತ್ತಡ ಹಾಕಿದಂತೆ.

ಮಲಬದ್ಧತೆಯನ್ನು ಸಣ್ಣದೆಂದು ಬಿಡಬೇಡಿ, ತಿಣುಕುವುದೂ ಗಟ್ಟಿ ಮಲವೂ ಕರುಳಿನ ಕೊನೆಯ ಬಾಗಿಗೆ ಭಾರ. ರಾತ್ರಿ ಒಂದು ಚಮಚ ಇಸಬ್‌ಗೋಲ್ ಅನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಸಾಲದಿದ್ದರೆ ವೈದ್ಯರನ್ನು ಕೇಳಿ ಲ್ಯಾಕ್ಟುಲೋಸ್. ಹರಳೆಣ್ಣೆ ಕುಡಿದು ಒಮ್ಮೆಲೇ ಭೇದಿ ಮಾಡಿಸುವ ಮನೆಮದ್ದು ಬೇಡ.

ಮಗು ಶಾಲೆಗೆ ಹೋಗುತ್ತಿದ್ದರೆ ಮುಖ್ಯೋಪಾಧ್ಯಾಯರಿಗೂ ಪಿ.ಟಿ. ಮೇಷ್ಟ್ರಿಗೂ ಕಾಗದದ ಪ್ರತಿ ಕೊಡಿ, ನೀಲಿಕಲೆಗಳು ಹೊಡೆತದಿಂದ ಬಂದವಲ್ಲ ಎಂಬುದೂ ಅದರಲ್ಲಿರಲಿ. ಮೊಣಕಾಲ ಕೆಳಗೆ ಪ್ಯಾಡ್ ಕಟ್ಟಿ ಓಡಾಡಲು ಬಿಡಿ. ಮೂಲೆಯಲ್ಲಿ ಕೂರಿಸಿದ ಮಗು ಕಾಯಿಲೆಗಿಂತ ಅದರಿಂದಲೇ ಹೆಚ್ಚು ಸೊರಗುತ್ತದೆ. ಸ್ಕೋರ್ ಬರೆಯುವ, ಅಂಪೈರ್ ಆಗುವ ಕೆಲಸವನ್ನು ಮೇಷ್ಟ್ರೇ ಕರೆದು ಕೊಟ್ಟರೆ ಮಗು ಆಟದ ಒಳಗೇ ಇರುತ್ತದೆ.

ಬಸಿರು ಮತ್ತು ಬಂಧುಗಳು

ಕಾಯಿಲೆ ಇರುವ ಹೆಣ್ಣಿಗೆ ಬಸಿರು ದೊಡ್ಡ ಅಪಾಯ, ಇದನ್ನು ಮುಚ್ಚಿಡಬಾರದು. 2014ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 565 ಹೆರಿಗೆಗಳಲ್ಲಿ 30 ತಾಯಂದಿರು ತೀರಿಕೊಂಡಿದ್ದರು, ಅಂದರೆ ಶೇ. 5ರಷ್ಟು. ನಿರ್ಧಾರ ಆಕೆಯದು, ಅತ್ತೆಮನೆಯದಲ್ಲ. ಬೇಕೆಂದರೆ ಬಸಿರಾಗುವ ಮೊದಲೇ ಪೂರ್ತಿ ಸ್ಕ್ಯಾನ್, ಮಾತ್ರೆಗಳ ಪರಿಶೀಲನೆ ಆಗಬೇಕು. ಲೊಸಾರ್ಟಾನ್, ಇರ್ಬೆಸಾರ್ಟಾನ್ ಗುಂಪಿನ ಬಿ.ಪಿ. ಮಾತ್ರೆಗಳು ಭ್ರೂಣಕ್ಕೆ ಹಾನಿ ಮಾಡುತ್ತವೆ, ಮೊದಲೇ ನಿಲ್ಲಬೇಕು. ಕೊನೆಯ ತಿಂಗಳುಗಳಲ್ಲಿ ತವರಿನ ಹಳ್ಳಿಗೆ ಹೋಗುವ ಪದ್ಧತಿ ಈ ಒಂದು ಸಲ ಬೇಡ, ವ್ಯಾಸ್ಕುಲರ್ ಸರ್ಜನ್ ಮತ್ತು ಐ.ಸಿ.ಯು. ಇರುವ ಆಸ್ಪತ್ರೆಯ ಹತ್ತಿರವೇ ಇರಬೇಕು. ಸಹಜ ಹೆರಿಗೆಯೋ ಸಿಸೇರಿಯನ್ನೋ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ, ನಿಮ್ಮ ತಂಡ ಮುಂಚೆಯೇ ತೀರ್ಮಾನಿಸಿ ಬರೆದಿಡಲಿ.

ತಂದೆಗಿರಲಿ ತಾಯಿಗಿರಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಸೋದರಮಾವನನ್ನು ಮದುವೆಯಾದದ್ದರಿಂದ ಬಂತೇ ಎಂದು ನಮ್ಮ ಕಡೆಯ ಮನೆಗಳಲ್ಲಿ ಕೇಳುತ್ತಾರೆ. ಅಲ್ಲ. ಒಂದು ಪ್ರತಿ ಕೆಟ್ಟರೂ ಸಾಕು, ಸಂಬಂಧದೊಳಗಿನ ಮದುವೆ ಇದಕ್ಕೆ ಕಾರಣವಲ್ಲ, ಮಗುವಿನ ತಾಯಿಯನ್ನು ದೂರುವುದಕ್ಕಂತೂ ಯಾವ ಆಧಾರವೂ ಇಲ್ಲ. ತಂದೆತಾಯಿ ಇಬ್ಬರ ರಕ್ತ ಪರೀಕ್ಷೆಯಲ್ಲೂ ಸಿಗದೆ ಹೋದರೂ ಒಬ್ಬರ ದೇಹದ ಕೆಲವು ಜೀವಕೋಶಗಳಲ್ಲಿ ಮಾತ್ರ ಬದಲಾವಣೆ ಅಡಗಿರಬಹುದು; ಆದ್ದರಿಂದ ಎರಡನೇ ಮಗುವಿಗೂ ಪರೀಕ್ಷೆಯ ಮಾತು ಬಿಡಬೇಡಿ. ಅಕ್ಕ, ತಮ್ಮ, ಚಿಕ್ಕಪ್ಪ, ಅವರ ಮಕ್ಕಳು, ಯಾರು ಪರೀಕ್ಷೆಗೆ ಹೋದರೂ ಅವರಿಗೆ ಮೊದಲ ವರದಿಯ ಪ್ರತಿ ಕೊಡಿ. ಅದರಲ್ಲಿ ಬರೆದ ಒಂದು ಬದಲಾವಣೆಯನ್ನಷ್ಟೇ ಹುಡುಕಿದರೆ ಸಾಕಾಗುತ್ತದೆ, ಖರ್ಚೂ ಪ್ಯಾನೆಲ್ಲಿಗಿಂತ ಬಹಳ ಕಡಿಮೆ. ಪ್ರತಿ ಇಲ್ಲದೆ ಹೋದರೆ ಲ್ಯಾಬಿನವರು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.